ಸೀಸೆಯ ಮೇಲೆ 5 ಮಿಲಿಗ್ರಾಂ ಎಂದಿದ್ದರೆ ಒಳಗಿರುವ ಪೆಪ್ಟೈಡ್ ಎಷ್ಟು?

ಪ್ರಶ್ನೆ: ಶಿವಮೊಗ್ಗದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ ನಾನು. ಜೀವಕೋಶಗಳ ಮೇಲಿನ ಪ್ರಯೋಗಕ್ಕಾಗಿ ನಮ್ಮ ಪ್ರಯೋಗಾಲಯಕ್ಕೆ ಬೆಳವಣಿಗೆ ಹಾರ್ಮೋನನ್ನು ಹೊರಬಿಡಿಸುವ ಪೆಪ್ಟೈಡ್ ಆದ ಜಿಎಚ್‌ಆರ್‌ಪಿ-6 ಬಂದಿದೆ. ಸೀಸೆಯ ಮೇಲೆ 5 ಮಿಲಿಗ್ರಾಂ, ಶುದ್ಧತೆ ಶೇ. 98 ಎಂದಿದೆ. 5 ಮಿಲಿಲೀಟರ್ ನೀರು ಹಾಕಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದು ಬರೆದುಕೊಳ್ಳಬಹುದೇ?

ಉತ್ತರ: ಬರೆದುಕೊಳ್ಳಬೇಡಿ. ಆ 5 ಮಿಲಿಗ್ರಾಂ ಸಾಮಾನ್ಯವಾಗಿ ಪುಡಿಯ ತೂಕ, ಪೆಪ್ಟೈಡಿನದಲ್ಲ. ಹಸಿ ಅಡಿಕೆಯ ತೂಕಕ್ಕೆ ಒಣ ಅಡಿಕೆಯ ಲೆಕ್ಕ ಹಾಕಿದರೆ ಏನಾಗುತ್ತದೆಂದು ನಿಮ್ಮೂರಿನವರಿಗೆ ಹೇಳಿಕೊಡಬೇಕಿಲ್ಲ. ಶೇ. 98 ಎಂಬುದೂ ಇಲ್ಲಿ ನೆರವಿಗೆ ಬರುವುದಿಲ್ಲ. ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಕಂಡ ಪೆಪ್ಟೈಡುಗಳ ಪೈಕಿ ನಿಮಗೆ ಬೇಕಾದದ್ದು ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ನೀರು, ಲವಣಗಳು ಆ ಲೆಕ್ಕಕ್ಕೇ ಬಂದಿರುವುದಿಲ್ಲ.

ಲವಣದ ಪಾಲು ಸಣ್ಣದೇನಲ್ಲ. ಜಿಎಚ್‌ಆರ್‌ಪಿ-6 ಆರು ಅಮೈನೋ ಆಮ್ಲಗಳ ಸರಪಣಿ, ಅಣುತೂಕ ಸುಮಾರು 873. ಅದರಲ್ಲಿ ಧನ ವಿದ್ಯುದಂಶ ಹೊರಬಲ್ಲ ಜಾಗಗಳು ಮೂರು: ಆರಂಭದ ತುದಿ, ಹಿಸ್ಟಿಡಿನ್, ಲೈಸಿನ್. ಮೂರಕ್ಕೂ ತಯಾರಿಕೆಯಲ್ಲಿ ಬಳಸಿದ ಆಮ್ಲದಿಂದ ಉಳಿಯುವ ಟ್ರೈಫ್ಲೂರೋಅಸಿಟೇಟ್ ಒಂದೊಂದು ಅಂಟಿಕೊಂಡರೆ ಪುಡಿಯ ತೂಕದಲ್ಲಿ ಶೇ. 28ರಷ್ಟು ಅದೇ ಆಯಿತು. ಅಸಿಟೇಟ್ ಲವಣವಾದರೆ ಇದಕ್ಕಿಂತ ಕಡಿಮೆ. ಜೊತೆಗೆ ಪುಡಿ ಹೀರಿಕೊಂಡ ತೇವ. ತಯಾರಕರ ವಿಶ್ಲೇಷಣಾ ಪತ್ರದಲ್ಲಿ 'ನಿವ್ವಳ ಪೆಪ್ಟೈಡ್ ಅಂಶ' ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ತೇವದ ಮಾತು ಮಲೆನಾಡಿನಲ್ಲಿ ಬರಿಯ ಶಾಸ್ತ್ರವಲ್ಲ. ಜುಲೈನ ಜಡಿಮಳೆಯಲ್ಲಿ ಫ್ರೀಜರಿನಿಂದ ತೆಗೆದ ಸೀಸೆಯನ್ನು ಒಡನೆಯೇ ತೆರೆದರೆ, ಗಾಜಿನ ಮೇಲೆ ಮೂಡುವ ಹನಿಗಳು ಒಳಗಿನ ಪುಡಿಯ ಮೇಲೂ ಕೂರುತ್ತವೆ. ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಮುಚ್ಚಿದಂತೆಯೇ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಚಿಟಿಕೆಯಷ್ಟನ್ನು ತಕ್ಕಡಿಗೆ ಹಾಕಿ ತೂಗುವ ಹಟವೂ ಬೇಡ. ಪುಡಿ ಸ್ಥಾಯೀ ವಿದ್ಯುತ್ತಿಗೆ ಹಾರಿ ಚಮಚಕ್ಕೋ ಕೈಗವಸಿಗೋ ಅಂಟುತ್ತದೆ. ಇಡೀ ಸೀಸೆಯನ್ನೇ ಶುದ್ಧ ನೀರಿನಲ್ಲಿ ಕರಗಿಸಿ, ನೊರೆ ಏಳದಂತೆ ಮೆಲ್ಲಗೆ ತಿರುಗಿಸಿ.

ಆಮೇಲೆ ಅಳೆಯಿರಿ. ಅದೃಷ್ಟಕ್ಕೆ ಈ ಪೆಪ್ಟೈಡಿನಲ್ಲಿ ಎರಡು ಟ್ರಿಪ್ಟೊಫಾನ್‌ಗಳಿವೆ, ಅವು 280 ನ್ಯಾನೋಮೀಟರಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಮಿಲಿಲೀಟರಿಗೆ 0.1 ಮಿಲಿಗ್ರಾಂ ನಿಜವಾದ ಪೆಪ್ಟೈಡ್ ಇದ್ದರೆ 1 ಸೆಂಟಿಮೀಟರ್ ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ ಬೆಳಕಿನ ಹೀರಿಕೆಯ ಅಳತೆ ಸುಮಾರು 1.3 ಬರಬೇಕು. ನಿಮ್ಮ ದ್ರಾವಣವನ್ನು ಹತ್ತು ಪಟ್ಟು ತೆಳುಗೊಳಿಸಿದಾಗ 0.95 ಬಂತೆನ್ನಿ: ಮೂಲದಲ್ಲಿ ಮಿಲಿಲೀಟರಿಗೆ ಇರುವುದು 0.73 ಮಿಲಿಗ್ರಾಂ, 1 ಅಲ್ಲ. ಸೊನ್ನೆ ಹೊಂದಿಸಲು ಅದೇ ನೀರನ್ನು ಬಳಸಿ. ಇನ್ನೂ ಖಚಿತ ಬೇಕಿದ್ದರೆ ಅಮೈನೋ ಆಮ್ಲ ವಿಶ್ಲೇಷಣೆಗೆ ಕಳುಹಿಸಬೇಕು, ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಷ್ಟು ಖರ್ಚು ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಒಂದು ಬಾರಿಯ ಬಳಕೆಗೆ ಬೇಕಾದಷ್ಟೇ ಸಣ್ಣ ಕೊಳವೆಗಳಿಗೆ ಹಂಚಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಕರಗಿ ಹೆಪ್ಪುಗಟ್ಟಿದ ಕೊಳವೆಯನ್ನು ನಂಬಬೇಡಿ.

ಜಿಮ್‌ಗೆ ಹೋಗುವ ಸ್ನೇಹಿತ 'ಸ್ವಲ್ಪ ಕೊಡು' ಎಂದು ಕೇಳಿಯಾನು. 'ಸಂಶೋಧನೆಗೆ ಮಾತ್ರ' ಎಂದು ಮಾರುವ ಸೀಸೆ ಚುಚ್ಚುಮದ್ದಿಗೆ ಬೇಕಾದ ಕ್ರಿಮಿರಹಿತತೆಯ, ಎಂಡೋಟಾಕ್ಸಿನ್‌ನ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಗಳನ್ನು ದಾಟಿ ಬಂದದ್ದೆಂಬ ಖಾತರಿ ಇಲ್ಲ. ಕ್ರೀಡಾಪಟುಗಳಿಗಂತೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಇದನ್ನು ನಿಷೇಧಿಸಿದೆ. ಕೊಡಬೇಡಿ, ಸೀಸೆಯನ್ನು ಬೀಗ ಹಾಕಿದ ಫ್ರೀಜರಿನಲ್ಲೇ ಇಟ್ಟು ಬಳಸಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ.