ಒಂದೇ ಕಂಪನಿ, ಎರಡು ಲಾಭ

“ಸಾರ್, 5 ಲಕ್ಷ ಆದಾಯಕ್ಕೆ 9 ಲಕ್ಷ ತೆರಿಗೆನಾ?” 2024-25ರ ಲೆಕ್ಕ ಮುಗಿಸಿದಾಗ ಒಂದು ಸಣ್ಣ ತಯಾರಿಕಾ ಕಂಪನಿಯ ನಿರ್ದೇಶಕರು ಹೀಗೆ ಕೇಳಿದರು. ಸಿಟ್ಟು ಬಂದಿತ್ತು, ಬರದೇ ಇರುತ್ತಾ? ಅವರಿಗೆ ತಗಲಿದ್ದು ಮ್ಯಾಟ್, ಅಂದರೆ ಕನಿಷ್ಠ ಪರ್ಯಾಯ ತೆರಿಗೆ.

ಅವರ ಲೆಕ್ಕವನ್ನೇ ನೋಡಿ. ಸವಕಳಿಗೆ (ಯಂತ್ರ ಸವೆಯುವುದಕ್ಕೆಂದು ವರ್ಷವರ್ಷ ಲಾಭದಲ್ಲಿ ಕಳೆಯುವ ಮೊತ್ತ) ಮುಂಚೆ ಲಾಭ 75 ಲಕ್ಷ. ಆ ವರ್ಷದ ಶುರುವಿನಲ್ಲೇ 2 ಕೋಟಿಯ ಹೊಸ ಯಂತ್ರ ಹಾಕಿದ್ದರು. ಕಂಪನಿ ಕಾಯ್ದೆಯಂತೆ 15 ವರ್ಷಕ್ಕೆ ಹಂಚಿದರೆ ವರ್ಷದ ಸವಕಳಿ ಸುಮಾರು 13 ಲಕ್ಷ. ತೆರಿಗೆ ಕಾಯ್ದೆ ಧಾರಾಳಿ: ಮಾಮೂಲಿ 15%, ಹೊಸ ಯಂತ್ರಕ್ಕೆ ಇನ್ನೂ 20%, ಒಟ್ಟು 70 ಲಕ್ಷ. ಹಾಗಾಗಿ ಷೇರುದಾರರಿಗೆ ತೋರಿಸಿದ ಲಾಭ 62 ಲಕ್ಷ, ರಿಟರ್ನ್‌ನಲ್ಲಿ ತೋರಿಸಿದ್ದು ಬರೀ 5 ಲಕ್ಷ. ಎರಡೂ ಸರಿಯೇ, ಯಾವುದೂ ಸುಳ್ಳಲ್ಲ.

5 ಲಕ್ಷಕ್ಕೆ 25%ರಂತೆ ತೆರಿಗೆ 1.25 ಲಕ್ಷ. ಆದರೆ ಇದು ಪುಸ್ತಕದ ಲಾಭದ, ಅಂದರೆ ಷೇರುದಾರರಿಗೆ ತೋರಿಸಿದ ಲಾಭದ, 15%ಗಿಂತ ಕಡಿಮೆಯಾದರೆ ಆ 15% ಕಟ್ಟಲೇಬೇಕು ಅನ್ನುತ್ತಿತ್ತು ಆ ವರ್ಷ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 115ಜೆಬಿ ಕಲಂ. ಅಲ್ಲಿಗೆ 9.30 ಲಕ್ಷ, ಮೇಲೆ ಸೆಸ್. ಭರ್ಜರಿ ಲಾಭ ತೋರಿಸಿ, ಲಾಭಾಂಶವನ್ನೂ ಹಂಚಿ, ತೆರಿಗೆ ಮಾತ್ರ ಕಟ್ಟದ ಕಂಪನಿಗಳನ್ನು ಹಿಡಿಯಲು 1987ರಲ್ಲಿ ಇಂಥ ತೆರಿಗೆ ಮೊದಲು ಬಂತು. ನಡುವೆ ನಿಂತು, ಮತ್ತೆ ಬಂತು. ಫಿಲಿಪ್ಪೀನ್ಸ್‌ನಲ್ಲಿ ಇದೇ ಉದ್ದೇಶಕ್ಕೆ, ವ್ಯವಹಾರ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ, ಒಟ್ಟಾದಾಯದ ಮೇಲೆ 2% ಹಾಕುತ್ತಾರೆ. ಬಾಡಿಗೆ, ಬಡ್ಡಿ ಕಟ್ಟಿ ನಷ್ಟವಾದರೂ ಅಲ್ಲಿ ತಪ್ಪಿಸಿಕೊಳ್ಳಲಾಗದು. ನಮ್ಮದು ಅಷ್ಟು ಬಿಗಿಯಲ್ಲ.

ಹಾಗಂತ ಹಳೇ ನಷ್ಟವೆಲ್ಲ ಇಲ್ಲಿ ಕಳೆಯುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಪುಸ್ತಕದಲ್ಲಿ ಉಳಿದಿರುವ ಹಿಂದಿನ ವ್ಯಾಪಾರ ನಷ್ಟ ಮತ್ತು ಕಳೆಯದೆ ಉಳಿದ ಸವಕಳಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಕಳೆಯಬಹುದು. ನಷ್ಟ 80 ಲಕ್ಷ ಇದ್ದು ಉಳಿದ ಸವಕಳಿ ಸೊನ್ನೆಯಾದರೆ, ಕಳೆಯುವುದೂ ಸೊನ್ನೆ! ನನಗೆ ಈ ನಿಯಮ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಕಾಯ್ದೆ ನನ್ನನ್ನು ಕೇಳಿ ಬರೆದದ್ದಲ್ಲವಲ್ಲ.

ಮುಂಗಡ ತೆರಿಗೆಯ ಕಂತುಗಳೂ ಮ್ಯಾಟ್‌ಗೆ ಅನ್ವಯಿಸುತ್ತವೆ. ನಮ್ಮ ನಿರ್ದೇಶಕರು ಒಂದು ಕಂತೂ ಕಟ್ಟಿರಲಿಲ್ಲ, ಸುಮ್ನೆ ಬಡ್ಡಿ ತೆತ್ತರು.

ಸಮಾಧಾನದ ವಿಷಯವೂ ಇದೆ. ಸೆಸ್ ಬಿಟ್ಟು ಲೆಕ್ಕ ಹಾಕಿದರೆ ಅವರು ಹೆಚ್ಚಿಗೆ ಕಟ್ಟಿದ 8.05 ಲಕ್ಷ ಮ್ಯಾಟ್ ಕ್ರೆಡಿಟ್ ಆಗಿ ಉಳಿಯಿತು. ಆ ವರ್ಷದ ನಿಯಮದಂತೆ ಅದನ್ನು 15 ವರ್ಷ ಮುಂದಕ್ಕೆ ಒಯ್ಯಬಹುದಿತ್ತು. ಮಾಮೂಲಿ ತೆರಿಗೆ ಮ್ಯಾಟ್‌ಗಿಂತ ಹೆಚ್ಚಾದ ವರ್ಷ, ಆ ವ್ಯತ್ಯಾಸದಷ್ಟನ್ನು ಇದರಿಂದ ಹೊಂದಿಸಿಕೊಳ್ಳಬಹುದಿತ್ತು.

“ಹಾಗಾದ್ರೆ 22%ರ ಹೊಸ ಪದ್ಧತಿಗೇ ಹೋಗೋಣ, ಅಲ್ಲಿ ಮ್ಯಾಟೇ ಇಲ್ವಲ್ಲ” ಅಂದರು. ನಿಜ. ಆದರೆ 2024-25ಕ್ಕೆ ಆ ದಾರಿ ಹಿಡಿದರೆ ಮ್ಯಾಟ್ ಕ್ರೆಡಿಟ್ ಹೋಗುತ್ತದೆ, ಹೆಚ್ಚುವರಿ ಸವಕಳಿಯೂ ಸಿಗುವುದಿಲ್ಲ. ಒಮ್ಮೆ ಹೋದರೆ ವಾಪಸ್ ಬರುವಂತಿಲ್ಲ. ಅಲ್ಲಿ ಸರ್ಚಾರ್ಜ್, ಸೆಸ್ ಸೇರಿ 25.17%. ಒಂದು ಕೋಟಿಯೊಳಗಿನ ಆದಾಯಕ್ಕೆ ಅವರು ಆಗ ಕಟ್ಟಬೇಕಿದ್ದದ್ದು ಸೆಸ್ ಸೇರಿ 26%. 75 ಲಕ್ಷ ಆದಾಯಕ್ಕೆ ಉಳಿತಾಯ ಸುಮಾರು 62,000 ರೂಪಾಯಿ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, “ಈ ವರ್ಷ ಬೇಡ ಬಿಡಿ ಸಾರ್” ಅಂದರು.