ಫೋಲ್ಡರ್ ತೆರೆಯಲು ಯಾವ ಪಾಸ್‌ವರ್ಡ್?

ಮನೆಯ ಎರಡೂ ವಿಂಡೋಸ್ ಕಂಪ್ಯೂಟರ್‌ಗಳು ಒಂದೇ ವೈಫೈನಲ್ಲಿವೆ, ಫೋಲ್ಡರ್ ಶೇರ್ ಮಾಡಿದ್ದೂ ಆಗಿದೆ. ತೆರೆಯಲು ಹೋದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಹೆಚ್ಚಿನವರು ಮೊದಲು ವೈಫೈ ಪಾಸ್‌ವರ್ಡ್ ಹಾಕಿ ನೋಡುತ್ತಾರೆ, ಆಮೇಲೆ ತಾವು ಕೂತಿರುವ ಕಂಪ್ಯೂಟರಿನದು, ಕೊನೆಗೆ ಪಿನ್. ಯಾವುದೂ ನಡೆಯುವುದಿಲ್ಲ.

ಅದು ಕೇಳುತ್ತಿರುವುದು ಫೈಲುಗಳಿರುವ ಕಂಪ್ಯೂಟರಿನಲ್ಲಿರುವ ಖಾತೆಯನ್ನು. ಬಾಗಿಲು ಯಾರ ಮನೆಯದೋ ಬೀಗದ ಕೈಯೂ ಆ ಮನೆಯದೇ ಆಗಬೇಕಲ್ಲ. ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡಿನ ಲೋಕಲ್ ಖಾತೆ (ಆಯಾ ಯಂತ್ರದಲ್ಲಷ್ಟೇ ಇರುವ ಖಾತೆ) ಇದ್ದರೆ ವಿಂಡೋಸ್ ಸಾಮಾನ್ಯವಾಗಿ ಕೇಳದೆಯೇ ಒಳಗೆ ಬಿಡುತ್ತದೆ. ಪಿನ್ ಮಾತ್ರ ಅದನ್ನು ಹಾಕಿಕೊಂಡ ಯಂತ್ರಕ್ಕಷ್ಟೇ ಸೀಮಿತ, ನೆಟ್‌ವರ್ಕಿನಲ್ಲಿ ಚಲಾವಣೆಯಿಲ್ಲ. ಆ ಕಡೆ ಮೈಕ್ರೋಸಾಫ್ಟ್ ಖಾತೆ ಇದ್ದರೆ ಇಮೇಲ್ ವಿಳಾಸ ಮತ್ತು ಅದರ ಪೂರ್ತಿ ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಡದ ಖಾತೆಯಾದರೆ ಖಾಲಿ ಬಿಟ್ಟು ಎಂಟರ್ ಒತ್ತಿ ಪ್ರಯೋಜನವಿಲ್ಲ: ಅಂಥ ಖಾತೆಯನ್ನು ವಿಂಡೋಸ್ ಯಂತ್ರದ ಮುಂದೆ ಕೂತವರಿಗಷ್ಟೇ ತೆರೆಯುತ್ತದೆ.

ಇಷ್ಟಾಗುವಷ್ಟರಲ್ಲಿ ಯಾರಾದರೂ "ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಬಿಡಿ" ಎನ್ನುತ್ತಾರೆ, ಅಂದರೆ ಪಾಸ್‌ವರ್ಡ್ ಕೇಳುವ ಸೆಟ್ಟಿಂಗನ್ನೇ ತೆಗೆದುಬಿಡಿ ಎಂದು. ನನಗೆ ಒಪ್ಪಿಗೆಯಿಲ್ಲದ ಸಲಹೆ ಇದು. ಆಫ್ ಮಾಡಿದರೆ ನಿಮ್ಮ ವೈಫೈಗೆ ಸೇರಿದ ಯಾರು ಬೇಕಾದರೂ ಅತಿಥಿಯಾಗಿ ಆ ಫೋಲ್ಡರಿಗೆ ಬರಬಹುದು. ಬರೆಯುವ ಅನುಮತಿಯನ್ನೂ ಎಲ್ಲರಿಗೆ ಕೊಟ್ಟಿದ್ದರೆ, ಒಂದು ಲ್ಯಾಪ್‌ಟಾಪಿಗೆ ತಗುಲಿದ ರಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ದುಷ್ಟ ತಂತ್ರಾಂಶ) ಇನ್ನೊಂದರಲ್ಲಿರುವ ಫೋಟೋಗಳನ್ನೂ ಲಾಕ್ ಮಾಡಬಲ್ಲದು. ಇನ್ನು ಮನೆಯೊಳಗೆ ಫೈಲು ಹಂಚಲು ವಿಂಡೋಸ್‌ನಲ್ಲಿದ್ದ ಹಳೆಯ ಸೌಲಭ್ಯ ಹೋಮ್‌ಗ್ರೂಪ್ ಹುಡುಕುತ್ತಾ ಕೂರಬೇಡಿ, 2018ರಲ್ಲೇ ವಿಂಡೋಸ್ 10ರಿಂದ ಅದನ್ನು ತೆಗೆದಾಗಿದೆ.

ನಾನು ಮಾಡಿಸುವುದು ಹೀಗೆ: ಫೈಲುಗಳಿರುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಖಾತೆ. ಅಡ್ಮಿನಿಸ್ಟ್ರೇಟರ್ ಬೇಡ, ಸ್ಟ್ಯಾಂಡರ್ಡ್ ಸಾಕು. ಒಳ್ಳೆಯ ಪಾಸ್‌ವರ್ಡ್ ಇಡಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಈ ಖಾತೆಗೆ ಅನುಮತಿ ಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. ಒಂದು ಕಡೆ ಫುಲ್ ಕಂಟ್ರೋಲ್ ಕೊಟ್ಟು ಇನ್ನೊಂದು ಕಡೆ ರೀಡ್ ಬಿಟ್ಟರೆ ಓದಲಷ್ಟೇ ಆಗುತ್ತದೆ. ಫೋಟೋಗಳಿಗೆ ನಾನು ಬೇಕೆಂದೇ ರೀಡ್ ಇಡಿಸುತ್ತೇನೆ.

ಇನ್ನೊಂದು ಕಂಪ್ಯೂಟರಿನಿಂದ ತೆರೆಯುವಾಗ ಯೂಸರ್‌ನೇಮ್ ಜಾಗದಲ್ಲಿ ಆ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ನಂತರ ಖಾತೆಯ ಹೆಸರು ಬರೆಯಿರಿ. ಆಗ ಯಾವ ಯಂತ್ರದ ಖಾತೆ ಎಂಬ ಗೊಂದಲವಿರುವುದಿಲ್ಲ. ನೆನಪಿಟ್ಟುಕೊಳ್ಳಲು ಟಿಕ್ ಹಾಕಿದರೆ ಆ ಪಾಸ್‌ವರ್ಡ್ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಜಾಗ) ಹೋಗಿ ಕೂರುತ್ತದೆ. ಮುಂದೆ ಪಾಸ್‌ವರ್ಡ್ ಬದಲಿಸಿದಾಗ ಕಾಟ ಕೊಡುವುದೂ ಇದೇ. ವಿಂಡೋಸ್ ಹಳೆಯದನ್ನೇ ಕಳಿಸುತ್ತಿರುತ್ತದೆ. ಅಲ್ಲಿರುವ ಆ ಕಂಪ್ಯೂಟರಿನ ನಮೂದನ್ನು ಅಳಿಸಿ. ಒಂದೇ ಕಂಪ್ಯೂಟರಿಗೆ ಏಕಕಾಲಕ್ಕೆ ಎರಡು ಹೆಸರಿನಲ್ಲಿ ಹೋಗಲು ನೋಡಿದರೆ 1219 ಎಂಬ ಎರರ್ ಬರುತ್ತದೆ. ಅದಕ್ಕೆ ಸೈನ್ ಔಟ್ ಆಗಿ ಮತ್ತೆ ಬಂದರೆ ಸಾಮಾನ್ಯವಾಗಿ ಸಾಕು.