‘ಬೇಜಾರು’ ಅಂದ್ರೆ ಯಾವ ಥರ?

ನಮ್ಮ ಕಡೆ ‘ನನಗೆ ಖಿನ್ನತೆ ಇದೆ’ ಅಂತ ಯಾರೂ ಹೇಳಿಕೊಳ್ಳುವುದಿಲ್ಲ. ಖಿನ್ನತೆ ಪೇಪರಿನ ಪದ. ಜನ ಹೇಳೋದು ಬೇಜಾರು, ಎದೆ ಭಾರ, ಊಟ ಸೇರಲ್ಲ. ಮಾತಿನ ಚಿಕಿತ್ಸೆ ಶುರುವಾಗುವುದೂ ಅಲ್ಲಿಂದಲೇ. ‘ಬೇಜಾರು ಅಂದ್ರೆ ಯಾವ ಥರ? ಬೆಳಿಗ್ಗೆ ಜಾಸ್ತಿಯೋ, ಸಂಜೆಯೋ?’ ಅಂತ ಚಿಕಿತ್ಸಕರು ಕೇಳುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದವರಿಗೆ ದಿನಕ್ಕೊಂದು ಸಣ್ಣ ಕೆಲಸ ಕೊಡುತ್ತಾರೆ. ಗಿಡಕ್ಕೆ ನೀರು ಹಾಕಿ, ಬೀದಿ ಕೊನೆತನಕ ನಡೆದು ಬನ್ನಿ, ಅಷ್ಟೇ. ಕೆಲಸ ಹೋಗುತ್ತೆ ಅಂತ ರಾತ್ರಿಯೆಲ್ಲ ಹೊರಳಾಡುವವರಿಗೆ ಆ ಯೋಚನೆಯನ್ನು ಬರೆದಿಟ್ಟು, ಅದರಲ್ಲಿ ನಿಜ ಎಷ್ಟು, ಭಯ ಎಷ್ಟು ಅಂತ ನೋಡಲು ಹೇಳುತ್ತಾರೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ನಡೆಯಲ್ಲ.

ಈ ಚಿಕಿತ್ಸೆಗೆ ಹೆಸರಿಟ್ಟದ್ದು ಡಾಕ್ಟರಲ್ಲ, ರೋಗಿ. 1880ರ ದಶಕದ ಆರಂಭ, ವಿಯೆನ್ನಾ. ಬೆರ್ತಾ ಪಾಪೆನ್‌ಹೈಮ್ ಎಂಬ ಯುವತಿಯನ್ನು ಯೋಸೆಫ್ ಬ್ರಾಯರ್ ಎಂಬ ವೈದ್ಯರು ನೋಡುತ್ತಿದ್ದರು. ಕಾಯಿಲೆ ಜೋರಾದಾಗ ಆಕೆಗೆ ತನ್ನ ಜರ್ಮನ್ ನುಡಿಯೇ ಬಾಯಿಗೆ ಬರುತ್ತಿರಲಿಲ್ಲ, ಇಂಗ್ಲಿಷ್ ಮಾತ್ರ ಬರುತ್ತಿತ್ತು. ಹಾಗಾಗಿ ‘ಟಾಕಿಂಗ್ ಕ್ಯೂರ್’ ಅಂತ ಇಂಗ್ಲಿಷಿನಲ್ಲೇ ಕರೆದಳು. ತಮಾಷೆಗೆ ‘ಚಿಮಣಿ ಗುಡಿಸೋದು’ ಅಂತಲೂ ಅಂದಳು. ತಾಯಿನುಡಿ ಕೈಕೊಟ್ಟ ಹೊತ್ತಲ್ಲಿ ಹುಟ್ಟಿದ ಹೆಸರು ಇದು, ವಿಚಿತ್ರ ಅಲ್ವಾ?

ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಮನೋವಿಶ್ಲೇಷಣೆಯ, ಅಂದ್ರೆ ಮನಸ್ಸಿನ ಆಳವನ್ನು ಮಾತಿನಿಂದಲೇ ಹುಡುಕುವ ಪದ್ಧತಿಯ, ಸಂಘ ಕಟ್ಟಿದರು. ಬೆಂಗಳೂರಿನ ಕಥೆ ಬೇರೆ. 19ನೇ ಶತಮಾನದಲ್ಲಿ ಇಲ್ಲಿ ಶುರುವಾದದ್ದು ಲುನಾಟಿಕ್ ಅಸೈಲಂ. 1925ರಲ್ಲಿ ಅದಕ್ಕೆ ಮೆಂಟಲ್ ಹಾಸ್ಪಿಟಲ್ ಅಂತ ಹೆಸರಾಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಗೆ ಹೋಯಿತು. ಜನರ ಬಾಯಲ್ಲಿ ಮಾತ್ರ ಹುಚ್ಚಾಸ್ಪತ್ರೆಯೇ. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷದಿಂದ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಶುರುವಾಯಿತು. ನನ್ನ ಪ್ರಕಾರ ಕಥೆ ತಿರುಗಿದ್ದು ಇಲ್ಲಿ. ಗುಳಿಗೆ ಬರೆಯದ, ಕೂತು ಕೇಳುವುದೇ ಕೆಲಸವಾದ ಒಬ್ಬರು ಆಸ್ಪತ್ರೆಯೊಳಗೆ ಬಂದರು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ‘ನಿನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಅನ್ನೋ ಬೈಗುಳ ಇವತ್ತಿಗೂ ಹೋಗಿಲ್ಲ.

ಆದರೆ ಈ ಮನಶ್ಶಾಸ್ತ್ರಜ್ಞರು ಓದಿದ ಪುಸ್ತಕಗಳೆಲ್ಲ ಪಶ್ಚಿಮದವು. ಅಲ್ಲಿ ರೋಗಿ ಒಬ್ಬನೇ ಬಂದು ಕೂರುತ್ತಾನೆ. ಇಲ್ಲಿ ಸೊಸೆಯ ಜೊತೆ ಅತ್ತೆ ಬರುತ್ತಾಳೆ, ಬಾಗಿಲಲ್ಲಿ ಮೈದುನ ನಿಂತಿರುತ್ತಾನೆ. ‘ನೇರವಾಗಿ ಆಗಲ್ಲ ಅಂತ ಹೇಳಿಬಿಡಿ’ ಅನ್ನುವ ಸಲಹೆ ಆ ಮನೆಯಲ್ಲಿ ಏನು ಮಾಡಬಹುದು, ಯೋಚಿಸಿ. ಬಂದವರೂ ‘ನೀವೇ ಹೇಳಿ ಡಾಕ್ಟ್ರೇ, ಏನು ಮಾಡಲಿ’ ಅಂತಲೇ ಕೇಳುತ್ತಾರೆ. 1970ರ ದಶಕದಲ್ಲಿ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ ಇದನ್ನೇ ಎತ್ತಿ ಹೇಳಿದರು: ನಮ್ಮಲ್ಲಿ ಚಿಕಿತ್ಸೆಯ ಸಂಬಂಧ ಗುರು–ಶಿಷ್ಯರದ್ದಕ್ಕೆ ಹತ್ತಿರ.

ಕನ್ನಡದಲ್ಲಿ ಕೌನ್ಸೆಲಿಂಗಿಗೆ ‘ಆಪ್ತಸಲಹೆ’ ಅನ್ನುವ ಪದ ನಿಂತಿತು. ಇಂಗ್ಲಿಷ್ ಪದದಲ್ಲಿ ಇಲ್ಲದ ಆಪ್ತತೆ ಇದರಲ್ಲಿದೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅಂಥವರು ಕನ್ನಡದಲ್ಲೇ ಬರೆದು ಬರೆದು ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿದರು.

ಕೊರತೆ ಇನ್ನೂ ದೊಡ್ಡದು. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕಿಂತ ಜಾಸ್ತಿ ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡುವ ಚಿಕಿತ್ಸೆಗೆ ದುಡ್ಡೂ ಬೇಕು, ರಜೆಯೂ ಬೇಕು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು. ನಂಬರು 14416, ದಿನದ 24 ಗಂಟೆಯೂ ಉಚಿತ. ಒಂದು ಫೋನಿನಲ್ಲಿ ಇಡೀ ಚಿಕಿತ್ಸೆ ಮುಗಿಯುವುದಿಲ್ಲ, ಮೊದಲ ಮಾತು ಮಾತ್ರ ಆಗುತ್ತದೆ. ಕರೆ ಮಾಡಿದವರು ಅಲ್ಲಿ ಮೊದಲು ಆರಿಸಿಕೊಳ್ಳುವುದು ತಮ್ಮ ಭಾಷೆಯನ್ನು.